ಗೂಡು ತೆರೆಯುವ ಮೊದಲು ಕೈ ಮೂಸಿ

ಹಾವಿನ ಮೇಳಕ್ಕೆ ಸುಮ್ಮನೆ ನೋಡಿಕೊಂಡು ಬರುತ್ತೇವೆ ಎಂದು ಹೋದವರು ಬರಿಗೈಯಲ್ಲಿ ವಾಪಸ್ ಬಂದದ್ದನ್ನು ನಾನಂತೂ ಕಂಡದ್ದು ಕಡಿಮೆ. ನಮ್ಮ ಟಲ್ಸಾ ಊರಿನ ಕಡೆ ವರ್ಷಕ್ಕೆರಡು ಸಲ ಸಾಕುಹಾವು ಮಾರುವ ಈ ಮೇಳ ನಡೆಯುತ್ತದೆ. ಅಂಗಡಿಯಲ್ಲಿ ಆಲೂಗಡ್ಡೆ ಸಲಾಡ್ ತುಂಬಿಕೊಡುವಂಥ ಪುಟ್ಟ ಡಬ್ಬಿಗಳಲ್ಲಿ ಮರಿಹಾವುಗಳನ್ನಿಟ್ಟು ಮೇಜಿನ ತುಂಬ ಜೋಡಿಸಿರುತ್ತಾರೆ. ಹೋದ ವರ್ಷ ನನ್ನ ಗಂಡ ಡ್ವೇನ್ ಅಂಥದೊಂದು ಡಬ್ಬಿಯನ್ನು ಎದೆಗವಚಿಕೊಂಡು ನಿಂತುಬಿಟ್ಟ. ಒಳಗೆ ಹಳದಿ ಹೆಬ್ಬಾವಿನ ಮರಿ, ಪೆನ್ಸಿಲಿಗಿಂತ ತುಸು ದಪ್ಪ.

"ನೋಡೇ ಲೊರೇನ್, ಎಷ್ಟು ಮುದ್ದಾಗಿದೆ! ಇದೇನು ಮಾಡುತ್ತೆ ನಂಗೆ?"

ನಮ್ಮ ಜೊತೆ ಪಕ್ಕದ ಮನೆಯ ರಮೋನಾ ಬಂದಿದ್ದಳು. ಇಪ್ಪತ್ತು ವರ್ಷದಿಂದ ದೊಡ್ಡ ಹಾವು ಸಾಕುತ್ತಿರುವ ಹೆಂಗಸು.

"ಡಬ್ಬಿ ನೋಡಿ ಮರುಳಾಗ್ಬೇಡ ಮಗನೇ. ಮೂರ್ನಾಲ್ಕು ವರ್ಷಕ್ಕೆ ಅದು ನಿನ್ನ ಎರಡರಷ್ಟು ಉದ್ದ ಆಗುತ್ತೆ. ಇವಳು ಬೆಳಗಿನ ಜಾವ ನಾಲ್ಕಕ್ಕೇ ಬೇಕರಿ ಕೆಲಸಕ್ಕೆ ಹೋಗ್ತಾಳೆ. ನೀನು ಗೂಡು ತೆಗೆಯೋವಾಗ ಮನೇಲಿ ಇನ್ಯಾರು ಇರ್ತಾರೆ?"

"ಇನ್ಯಾರು ಯಾಕೆ ಬೇಕು? ನಾನೇನು ಹಾಲು ಕುಡಿಯೋ ಕೂಸಾ?"

"ಕೂಸಿಗಾದ್ರೂ ಬುದ್ಧಿ ಹೇಳ್ಬಹುದಿತ್ತು. ಸರಿ, ಮೇಳ ನಾಳೇನೂ ಇರುತ್ತೆ. ಇವತ್ತು ನಮ್ಮ ಮೇಬಲ್‌ಗೆ ಊಟದ ದಿನ. ಬಂದು ನೋಡು. ಆಮೇಲೂ ಇದೇ ಬೇಕು ಅಂದ್ರೆ ನಾನು ತುಟಿ ಬಿಚ್ಚಲ್ಲ."

ಮೇಬಲ್ ಅಂದರೆ ರಮೋನಾಳ ಹದಿಮೂರು ಅಡಿಯ ಹೆಬ್ಬಾವು. ಗೂಡು ಅವಳ ಹಿಂದಿನ ಕೋಣೆಯ ಅರ್ಧ ಜಾಗ ನುಂಗಿದೆ. ಡ್ವೇನ್ ಡಬ್ಬಿ ಬಿಟ್ಟು ಬಂದ. ನಾವು ಹೋದಾಗ ರಮೋನಾ ಮೇಬಲ್‌ನ ಊಟಕ್ಕೆಂದು ಹೆಪ್ಪುಗಟ್ಟಿದ ಮೊಲವನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಕರಗಲು ಬಿಟ್ಟಿದ್ದಳು. ಡ್ವೇನ್ ಅದನ್ನು ಎತ್ತಿ, ಒತ್ತಿ, ಮೆತ್ತಗಾಯಿತೇ ಎಂದು ನೋಡಿದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅಷ್ಟೇ.

"ನಾನು ಇಕ್ಕಳ ತರ್ತೀನಿ. ಬಾಗಿಲು ಮುಟ್ಬೇಡ," ಎಂದು ರಮೋನಾ ಒಳಗೆ ಹೋದಳು.

ಮುಟ್ಟಬೇಡ ಎಂದದ್ದನ್ನು ಮುಟ್ಟದಿದ್ದರೆ ಅವನು ಡ್ವೇನ್ ಹೇಗಾದಾನು! ಗಾಜಿನ ಬಾಗಿಲು ಸರಿಸಿ, "ಏನಮ್ಮಾ ಮೇಬಲ್, ಹಸಿವಾ?" ಎಂದು ಕೈ ಚಾಚಿದ. ಹಾವು ಬಂದದ್ದು ನನಗೆ ಕಾಣಲೇ ಇಲ್ಲ. ಕಂಡದ್ದು ಅವನ ತೋಳಿನ ಮೇಲಿನ ಸುತ್ತುಗಳು ಮಾತ್ರ. ಅವನು ವೆಲ್ಡಿಂಗ್ ಕೆಲಸದ ದಪ್ಪ ಚರ್ಮದ ಕೋಟು ತೊಟ್ಟಿದ್ದ. ಹಾವಿನ ಹಲ್ಲುಗಳೆಲ್ಲ ಕೋಟಿನ ತೋಳಿಗೆ ನಾಟಿದ್ದವು. ಆದರೆ ಸುತ್ತು ಬಿಗಿಯುತ್ತ ಭುಜದ ಕಡೆ ಏರುತ್ತಿತ್ತು. ಅಲ್ಲಿಂದ ಮುಂದೆ ಕುತ್ತಿಗೆಯೇ.

"ರಮೋನಾ!" ಎಂದು ಕಿರುಚಿದೆ.

ಅವಳು ಓಡಿ ಬಂದಳು. ದನಿ ಮಾತ್ರ ಸ್ವಲ್ಪವೂ ಏರಲಿಲ್ಲ. "ಎಳೀಬೇಡ ಡ್ವೇನ್. ಗದ್ದ ಎದೆಗೆ ಒತ್ಕೋ. ಲೊರೇನ್, ಬಾಲ ಹಿಡಿ. ಬಾಲದಿಂದ ಬಿಚ್ಚುತ್ತಾ ಬಾ." ಘಾಟಿಗೆ ಕಚ್ಚಿದ್ದನ್ನು ಬಿಡಲಿ ಎಂದು ಗಾಯ ಒರೆಸುವ ಸ್ಪಿರಿಟ್ಟನ್ನು ಹಾವಿನ ಬಾಯಿಯ ಅಂಚಿಗೆ ಸುರಿದಳು. ನಾನು ಹಾವನ್ನು ಮುಟ್ಟಿದ್ದು ಅದೇ ಮೊದಲು. ಅಳುತ್ತಲೇ ಒಂದೊಂದು ಸುತ್ತು ಬಿಡಿಸಿದೆ. ಕೊನೆಗೆ ಬಾಯಿ ಸಡಿಲವಾಯಿತು.

ಡ್ವೇನ್ ನೆಲದ ಮೇಲೆ ಕುಳಿತ. ಬೆರಳುಗಳು ನೀಲಿಗಟ್ಟಿದ್ದವು. "ಅದು ಕೆಟ್ಟ ಹಾವು," ಎಂದ.

"ಮೇಬಲ್‌ದು ಏನೂ ತಪ್ಪಿಲ್ಲ," ಎಂದಳು ರಮೋನಾ. "ನಿನ್ನ ಕೈ ಮೊಲದ ವಾಸನೆ ಹೊಡೀತಿತ್ತು. ಅದಕ್ಕೆ ನೀನು ಡ್ವೇನ್ ಅಲ್ಲ, ಊಟ. ತಪ್ಪು ನಂದೂ ಇದೆ. ಬೀಗ ಹಾಕಿ ಹೋಗ್ಬೇಕಿತ್ತು."

ಅವನು ತನ್ನ ಅಂಗೈಯನ್ನು ಮೂಸಿ ನೋಡಿದ. "ನಾನೊಬ್ಬನೇ ಇದ್ದಿದ್ರೆ…" ಎಂದು ನನ್ನ ಕಡೆ ತಿರುಗಿದ.

ಮರುದಿನ ನಾವು ಮೇಳಕ್ಕೆ ಹೋಗಲಿಲ್ಲ. ಸಾಕಿದವರು ಕೈಬಿಟ್ಟ ಹಾವುಗಳನ್ನು ನೋಡಿಕೊಳ್ಳುವ ಒಂದು ಜಾಗಕ್ಕೆ ರಮೋನಾ ಕರೆದೊಯ್ದಳು. ಅಲ್ಲಿ ಓಟಿಸ್ ಇದ್ದ. ಹೆಬ್ಬಾವಿನಂಥದೇ ಆದರೆ ಚಿಕ್ಕ ಜಾತಿಯ ಹಾವಾದ ಬೋವಾ, ಎಂಟು ವರ್ಷದ ಗಂಡು, ಆರಡಿ ಉದ್ದ, ಬೆಳೆಯುವಷ್ಟು ಬೆಳೆದು ನಿಂತವನು. ಡ್ವೇನ್ ಕೈಯನ್ನು ಎರಡು ಸಲ ಸೋಪು ಹಚ್ಚಿ ತೊಳೆದ. ರಮೋನಾ ಕೊಕ್ಕೆಕೋಲಿನಿಂದ ಓಟಿಸ್‌ನ ಬೆನ್ನನ್ನು ಮೆಲ್ಲಗೆ ತಟ್ಟಿ, "ಹೀಗೆ ತಟ್ಟಿದ್ರೆ ಇದು ಊಟ ಅಲ್ಲ ಅಂತ ಅದಕ್ಕೆ ಗೊತ್ತಾಗುತ್ತೆ," ಎಂದು ಕಲಿಸಿದಳು. ಓಟಿಸ್ ಡ್ವೇನ್‌ನ ತೋಳಿನ ಮೇಲೆ ಸದ್ದಿಲ್ಲದೆ ಮಲಗಿದ. ನನ್ನ ಗಂಡನ ಕಣ್ಣು ತುಂಬಿತು. ನನ್ನದೂ.

"ಇನ್ನೂ ಇಪ್ಪತ್ತು ವರ್ಷ ಬದುಕ್ತಾನೆ. ನೋಡ್ಕೋತೀಯಾ?" ಎಂದು ರಮೋನಾ ಕೇಳಿದಳು.

"ನೋಡ್ಕೋತೀನಿ ರಮೋನಾ. ಗೂಡಿನ ಚಿಲಕ ನಾನೇ ಮಾಡ್ತೀನಿ. ಬೀಗದ ಕೀಲಿ ಮಾತ್ರ ಲೊರೇನ್ ಹತ್ರ ಇರ್ಲಿ."

ಈಗಲೂ ಕೀಲಿ ನನ್ನ ಹತ್ತಿರವೇ ಇದೆ. ನಾನು ಬೇಕರಿಯಿಂದ ಬರುವವರೆಗೆ ಗೂಡು ತೆರೆಯುವುದಿಲ್ಲ. ಬಂದ ಮೇಲೆ ಡ್ವೇನ್ ಕೈ ತೊಳೆದು ನನ್ನ ಮೂಗಿನ ಮುಂದೆ ಹಿಡಿಯುತ್ತಾನೆ. ಸೋಪಿನ ವಾಸನೆ ಬಂದರೆ ಮಾತ್ರ ಕೀಲಿ ಕೊಡುತ್ತೇನೆ. ಆ ಹತ್ತು ಬೆರಳೂ ನೆಟ್ಟಗಿರುವುದನ್ನು ನೋಡಿದಾಗಲೆಲ್ಲ ರಮೋನಾಳನ್ನು ನೆನೆಯುತ್ತೇನೆ. ಅವಳ ಋಣ ನಾವು ತೀರಿಸಲಾರೆವು. ಪೀಕನ್ ಬೀಜದ ಸಿಹಿ ಕಡುಬು ಮಾಡಿದಾಗ ಮೊದಲ ತಟ್ಟೆ ಬೇಲಿಯಾಚೆ ಅವಳ ಮನೆಗೇ ಹೋಗುತ್ತದೆ.

ದೊಡ್ಡ ಹಾವು ಸಾಕುವ ಆಸೆಯಿರುವವರೇ, ನಿಮ್ಮ ಊರಿನ ಕಾನೂನು ಒಪ್ಪುತ್ತದೆಯೇ ಎಂದು ಮೊದಲು ಕೇಳಿ. ಕಾಡಿನ ಹಾವನ್ನು ಹಿಡಿಯದೆ ಕಾಡಿನಲ್ಲೇ ಇರಲು ಬಿಡಿ. ಡಬ್ಬಿಯೊಳಗಿನ ಮರಿಯನ್ನಲ್ಲ, ಅದು ಬೆಳೆದು ನಿಲ್ಲುವ ಉದ್ದವನ್ನು ನೋಡಿ ಆರಿಸಿ. ಎಲ್ಲಕ್ಕಿಂತ ಮೊದಲು ನಿಮ್ಮ ಮನೆಯೊಳಗೊಮ್ಮೆ ಕಣ್ಣು ಹಾಯಿಸಿ. ಗೂಡು ತೆರೆಯುವ ಮುಂಚೆ ನಿಮ್ಮ ಕೈ ಮೂಸಿ ನೋಡುವವರು ಒಬ್ಬರಿದ್ದಾರೆಯೇ? ಇಲ್ಲವಾದರೆ ದಯವಿಟ್ಟು ಹಾವನ್ನು ತರಬೇಡಿ.