ಹಳದಿ ಗಾಡಿ ಬರುವ ಮೊದಲು

"ತಲೆ ಬಗ್ಗಿಸು ಪುಟ್ಟಾ, ತಲೆ! ಅಯ್ಯೋ, ಕಾಲು ಹಿಡ್ಕೊಳ್ಳಿ ಮೇಷ್ಟ್ರೇ, ಕಾಲು!"

ಚಿಕ್ಕಪ್ಪ ಪುಟ್ಟನ ಕಂಕುಳಿಗೆ ಕೈ ಹಾಕಿದ್ದರು. ಪಕ್ಕದ ಮನೆಯ ಮೇಷ್ಟ್ರು ಮೊಣಕಾಲುಗಳನ್ನು ಅವುಚಿ ಹಿಡಿದಿದ್ದರು. ಇಬ್ಬರೂ ಸೇರಿ ಅವನನ್ನು ಗಾಲಿಕುರ್ಚಿಯಿಂದ ಎತ್ತಿ ಹಳೆಯ ಕಾರಿನ ಹಿಂದಿನ ಸೀಟಿಗೆ ತೂರಿಸಲು ನೋಡುತ್ತಿದ್ದರು. ಪುಟ್ಟನ ಮೈ ಮರದ ಕೊರಡಿನಂತೆ ಸೆಟೆದುಕೊಂಡಿತು. ಹಣೆ ಬಾಗಿಲ ಅಂಚಿಗೆ ಠಪ್ಪೆಂದು ಬಡಿಯಿತು. ಅವನು ಕಿರುಚಿದ ರಭಸಕ್ಕೆ ಗೇಟಿನಾಚೆ ಶವದ ವ್ಯಾನು ನಿಲ್ಲಿಸಿಕೊಂಡು ಕೂತಿದ್ದ ಡ್ರೈವರ್ ಕೂಡ ಕೆಳಗಿಳಿದು ಬಂದ.

"ಬಿಡಿ ಚಿಕ್ಕಪ್ಪ, ಬಿಡಿ! ಅವನಿಗೆ ನೋವಾಗ್ತಿದೆ," ಎಂದು ಅಕ್ಕ ಅಡ್ಡ ಬಂದಳು. ಅವಳು ಪುಟ್ಟನಿಗೆ ಮಾತ್ರ ಅಕ್ಕನಲ್ಲ. ಅವನು ಹಾಗೆ ಕರೆಯಲು ಕಲಿತಂದಿನಿಂದ ಮನೆಮಂದಿಗೆಲ್ಲ ಅವಳು ಅಕ್ಕನೇ ಆಗಿಬಿಟ್ಟಿದ್ದಳು, ಹೆತ್ತ ಅಪ್ಪನಿಗೂ.

ಪುಟ್ಟನನ್ನು ಮತ್ತೆ ಕುರ್ಚಿಗೆ ಇಳಿಸಿದರು. ಚಿಕ್ಕಪ್ಪ ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತಾ ನಿಂತರು.

ಪುಟ್ಟ ಎಂದರೆ ಮೂವತ್ತು ದಾಟಿದ ಗಂಡಸು. ಕಿವಿಯ ಹತ್ತಿರ ಒಂದೆರಡು ಕೂದಲು ನೆರೆತೂ ಆಗಿದೆ. ಹುಟ್ಟಿದಾಗಿನಿಂದ ಕಾಲಿನಲ್ಲಿ ಸ್ವಾಧೀನವಿಲ್ಲ. ಕೈಗಳು ಇವೆ ಅನ್ನುವುದೇ ಹೊರತು ಹೇಳಿದ ಮಾತು ಕೇಳುವುದಿಲ್ಲ. ಬಾಯಲ್ಲಿ ಬೆರಳೆಣಿಕೆಯ ಮಾತು. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕುರ್ಚಿಗೆ, ಕುರ್ಚಿಯಿಂದ ಕಾರಿಗೆ ಅವನನ್ನು ಇಷ್ಟು ವರ್ಷ ಎತ್ತಿ ಇಳಿಸಿದವರು ಒಬ್ಬರೇ. ಅವರೀಗ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು.

ನಿನ್ನೆ ಬೆಳಗಿನ ಜಾವ ಬೇಕರಿಯಲ್ಲಿ ಒಲೆಯಿಂದ ಬ್ರೆಡ್ಡಿನ ಟ್ರೇ ಹೊರಗೆಳೆಯುತ್ತಾ ಅಪ್ಪ ಹಾಗೇ ಕುಸಿದಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಬೀಳೋವಾಗಲೂ ಟ್ರೇ ಬಿಡಲಿಲ್ಲ ಪುಣ್ಯಾತ್ಮ. ಒಂದು ಬ್ರೆಡ್ಡೂ ನೆಲಕ್ಕೆ ಬೀಳಲಿಲ್ಲ," ಎಂದು ಬೇಕರಿ ಮಾಲೀಕರು ಬಂದವರಿಗೆಲ್ಲ ಹೇಳಿ ಹೇಳಿ ಅಳುತ್ತಿದ್ದರು.

ಪುಟ್ಟನಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಗೆ ಹೇಳುವುದೆಂದು ಯಾರಿಗೂ ಗೊತ್ತಿರಲಿಲ್ಲ. ಬೇಕರಿ ಕೆಲಸ ಮುಗಿಸಿ ಬಂದ ಅಪ್ಪ ದಿನಾ ಮಧ್ಯಾಹ್ನ ನಡುಮನೆಯಲ್ಲೇ ಚಾಪೆ ಹಾಸಿ ಒಂದು ನಿದ್ದೆ ತೆಗೆಯುತ್ತಿದ್ದರು. ಆ ಹೊತ್ತಲ್ಲಿ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುವಂತೆಯೂ ಇರಲಿಲ್ಲ. ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಅಪ್ಪನನ್ನು ಕಂಡ ಪುಟ್ಟ "ಅಪ್ಪ ನಿದ್ದೆ" ಎಂದು ಪಿಸುಗುಟ್ಟಿದ. ಆಮೇಲೆ ಅಳುತ್ತಾ ಒಳಗೆ ಬಂದ ಒಬ್ಬೊಬ್ಬರನ್ನೂ ಹುಬ್ಬು ಗಂಟಿಕ್ಕಿ ನೋಡಿದ. ಎಬ್ಬಿಸಿಬಿಡ್ತೀರಲ್ಲ ಅನ್ನುವ ಹಾಗೆ.

"ಇಲ್ಲೇ ಬಿಟ್ಟು ಹೋಗೋಣ ಕಣಮ್ಮ," ಎಂದರು ಚಿಕ್ಕಪ್ಪ, ದನಿ ತಗ್ಗಿಸಿ. "ಮೇಷ್ಟ್ರ ಮನೆಯವರು ನೋಡ್ಕೋತಾರೆ. ಅವನಿಗೇನು ತಿಳಿಯುತ್ತೆ, ಪಾಪ."

"ತಿಳಿಯುತ್ತೆ."

"ತಿಳಿಯುತ್ತೆ ಅಂತಾನೇ ಇಟ್ಕೋ. ಕರ್ಕೊಂಡು ಹೋಗೋದು ಹೇಗೆ? ವ್ಯಾನಿನ ಮೆಟ್ಟಿಲು ನೋಡು, ನನ್ನ ಸೊಂಟದವರೆಗಿದೆ. ಬೇರೆ ಯಾರ ಕಾರು ತಂದ್ರೂ ಇದೇ ಪಾಡು. ತಳ್ಕೊಂಡು ಹೋಗೋಕೆ ಸ್ಮಶಾನವೇನು ಹಿತ್ತಿಲಲ್ಲಿದ್ಯಾ? ನಮಗೆ ಕೊಟ್ಟ ಹೊತ್ತು ಮೀರಿದ್ರೆ ಅಲ್ಲಿ ಇನ್ನೊಬ್ಬರು ಬಂದು ನಿಂತಿರ್ತಾರೆ."

ಒಂದೂ ಸುಳ್ಳಲ್ಲ. ಅದಕ್ಕೇ ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಅಪ್ಪನನ್ನು ಕಳಿಸುವ ಹೊತ್ತಿಗೆ ಇವನೊಬ್ಬ ಮನೆಯಲ್ಲಿ ಉಳಿಯುವುದೇ? ಸಂಜೆಯಾದರೆ ಬಾಗಿಲ ಕಡೆ ನೋಡುತ್ತಾ ಕೂರುತ್ತಾನೆ. ನಾಳೆಯೂ ಕೂರುತ್ತಾನೆ. ಅಪ್ಪ ಎಲ್ಲಿಗೆ ಹೋದರೆಂದು ಅವನಿಗೆ ಯಾವತ್ತೂ ಯಾರೂ ತೋರಿಸಿದಂತಾಗುವುದಿಲ್ಲ.

"ಅವನನ್ನ ಬಿಟ್ಟು ನಾನು ಬರಲ್ಲ ಚಿಕ್ಕಪ್ಪ," ಎಂದಳು.

*

ಹೊಸ ಕಾರಿನ ಮಾತು ಶುರುವಾದದ್ದು ಹೋದ ವರ್ಷ. ಹಳೆಯದಕ್ಕೆ ಮುದಿತನ ಬಂದಿತ್ತು. ಬ್ರೇಕು ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಇಲ್ಲ. ಅಪ್ಪ ಬಿಡುವು ಸಿಕ್ಕಾಗಲೆಲ್ಲ ಪುಟ್ಟನನ್ನು ಹೊರಡಿಸಿಕೊಂಡು ಶೋರೂಮುಗಳಿಗೆ ಎಡತಾಕತೊಡಗಿದರು. ಬೇರೆ ಊರಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದ ಅಕ್ಕನಿಗೆ ಸಂಜೆ ಫೋನಿನಲ್ಲಿ ವರದಿ ಬರುತ್ತಿತ್ತು.

"ಇವತ್ತೊಂದು ಕೆಂಪು ಗಾಡಿ ನೋಡಿದ್ವಿ ಕಣಕ್ಕ. ಮದುವೆ ಗಂಡಿನ ಹಾಗಿತ್ತು. ಆದ್ರೆ ಬಾಗಿಲು ಅರ್ಧ ತೆಗೆದರೆ ನಿಂತೇ ಬಿಡುತ್ತೆ. ಪುಟ್ಟನ ಮಂಡಿ ತಾಗುತ್ತೆ."

"ಮೈಲೇಜ್ ಎಷ್ಟಂತೆ?"

"ಅದು ಕೇಳಲಿಲ್ಲ."

"ಬ್ರೇಕು, ಇಂಜಿನ್ನು?"

"ಅವೆಲ್ಲ ಅವರೇ ಹೇಳ್ತಾರೆ, ಬೇಡ ಅಂದ್ರೂ ಬಿಡಲ್ಲ."

ಕಾರು ಮಾರುವವರಿಗೆ ಅಪ್ಪ ದೊಡ್ಡ ತಲೆನೋವಾಗಿದ್ದರು. ಅವರು ಪರದೆ, ಕ್ಯಾಮೆರಾ, ಹಾಡಿನ ಪೆಟ್ಟಿಗೆ ಎಂದು ಬಾಯಿ ನೋಯಿಸಿಕೊಳ್ಳುತ್ತಿದ್ದರೆ ಇವರು ಹಿಂದಿನ ಬಾಗಿಲು ತೆರೆದು, ಸೀಟಿಗೆ ಒತ್ತಿ ನಿಂತು, ಅದು ತಮ್ಮ ತೊಡೆಗೆ ಎಲ್ಲಿಯವರೆಗೆ ಬರುತ್ತದೆಂದು ಕೈಯಿಟ್ಟು ನೋಡುತ್ತಿದ್ದರು. ಆಮೇಲೆ ಪುಟ್ಟನನ್ನು ಎತ್ತಿ ಕೂರಿಸುವುದು, ಇಳಿಸುವುದು, ಮತ್ತೆ ಕೂರಿಸುವುದು. "ಸರ್, ನೀವು ಕಾರು ತಗೊಳ್ಳೋಕೆ ಬಂದ್ರೋ ಪ್ಯಾಂಟ್ ಹೊಲಿಸೋಕೆ ಬಂದ್ರೋ?" ಎಂದು ಒಂದು ಶೋರೂಮಿನ ಮೇಡಂ ನಗುತ್ತಾ ಕೇಳಿದ್ದರಂತೆ. ಅಪ್ಪನಿಗೆ ಆ ಮಾತು ಎಷ್ಟು ಇಷ್ಟವಾಯಿತೆಂದರೆ ಕೊನೆಗೆ ಕಾರು ಕೊಂಡದ್ದೂ ಅವರ ಹತ್ತಿರವೇ.

ಅಪ್ಪ ಮಗ ಇಬ್ಬರ ದಿನವೆಲ್ಲ ಕಾರಿನ ಸುತ್ತಲೇ ಸುತ್ತುತ್ತಿತ್ತು. ಬೆಳಿಗ್ಗೆ ಬೇಕರಿಯಿಂದ ಬಂದ ಮೇಲೆ ಪುಟ್ಟನನ್ನು ಕಾಗದದ ಚೀಲ ಮಾಡಲು ಕಲಿಸುವ ಕೇಂದ್ರಕ್ಕೆ ಬಿಡಬೇಕು, ಅಲ್ಲಿಂದ ಕೈಕಾಲಿನ ವ್ಯಾಯಾಮಕ್ಕೆ ಕರೆದೊಯ್ಯಬೇಕು. ಸಂಜೆ ಹೆದ್ದಾರಿಯ ಪಕ್ಕ ಕಾರು ನಿಲ್ಲಿಸಿ ಇಬ್ಬರೂ ಲಾರಿ ನೋಡಬೇಕು. ಇದೇನು ದೊಡ್ಡ ಪ್ರಯಾಣವಲ್ಲ. ಆದರೆ ಪ್ರತಿ ಸಲವೂ ಒಂದು ಎತ್ತುವುದು, ಒಂದು ಇಳಿಸುವುದು. ಎತ್ತುವುದಕ್ಕೂ ಅವರಲ್ಲೊಂದು ಕ್ರಮವಿತ್ತು. ಅಪ್ಪ ಬಗ್ಗಿ ಪುಟ್ಟನ ಎರಡೂ ಕೈ ತಮ್ಮ ಕುತ್ತಿಗೆಗೆ ಹಾಕಿಕೊಂಡು "ಹೊರಡೋಣ್ವಾ?" ಎಂದು ಕೇಳುವರು. ಪುಟ್ಟ ಬಸ್ಸಿನ ಕಂಡಕ್ಟರನ ಗತ್ತಿನಲ್ಲಿ "ರೈಟ್!" ಎನ್ನಬೇಕು. ಅಂದ ಮೇಲಷ್ಟೇ ಎತ್ತುವುದು. ಅವನಿಗೆ ಮನಸ್ಸಿಲ್ಲದ ದಿನ ಎಷ್ಟು ಹೊತ್ತಾದರೂ ಅಪ್ಪ ಹಾಗೇ ಬಗ್ಗಿ ನಿಂತಿರುತ್ತಿದ್ದರು. "ಅವನೇನು ಹಿಟ್ಟಿನ ಮೂಟೆಯಾ, ಕೇಳದೆ ಎತ್ತೋಕೆ?" ಎನ್ನುವರು.

ಕೊನೆಗೆ ಒಪ್ಪಿದ ಕಾರನ್ನು ನೋಡಲು ರಜೆಯಲ್ಲಿ ಬಂದಿದ್ದ ಅಕ್ಕನೂ ಹೋಗಿದ್ದಳು. ಅಮ್ಮ, ಚಿಕ್ಕಪ್ಪ ಎಲ್ಲರೂ ಇದ್ದರು. ನೋಡಿದರೆ ಚೌಕ ಚೌಕವಾದೊಂದು ಗಾಡಿ. ಬಾಗಿಲು ಪಕ್ಕಕ್ಕೆ ಸರಿಯುತ್ತದೆ. ಒಳಗೆ ನಿಂತು ಬಟ್ಟೆ ಬದಲಿಸಬಹುದು, ಅಷ್ಟು ಜಾಗ.

"ಇದೇನಣ್ಣ, ಬ್ರೆಡ್ ಸಾಗಿಸೋ ಗಾಡಿ ಥರ ಇದೆಯಲ್ಲ!" ಎಂದು ಚಿಕ್ಕಪ್ಪ ಮೂಗು ಮುರಿದರು.

"ಜನ್ಮವೆಲ್ಲ ಬ್ರೆಡ್ಡಲ್ಲೇ ಕಳೀತು, ಇನ್ನೇನು ಬಿಡು," ಎಂದ ಅಪ್ಪ ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಅಮ್ಮನಿಗೆ ಹೇಳಿದರು: "ನೀನು ಎತ್ತು ಅವನನ್ನ."

"ನಾನಾ? ನೀವಿದ್ದೀರಲ್ಲ!"

"ನಾನಿದ್ದೀನಿ ಕಣೇ. ನೋಡೋಣ ಅಂತ."

"ನನ್ನ ಸೊಂಟ ಮುರಿಯೋದು ನೋಡ್ಬೇಕಾ? ಚೆನ್ನಾಗಿದೆ ನಿಮ್ಮ ಆಟ."

ಗೊಣಗುತ್ತಲೇ ಅಮ್ಮ ಬಗ್ಗಿದರು. ಅಪ್ಪ ತಿರುಗಿಯೂ ನೋಡದೆ ಮುಂದಿನ ಕನ್ನಡಿಯಲ್ಲೇ ನೋಡುತ್ತಾ ಹೇಳಿಕೊಟ್ಟರು. ಮೊದಲು ಕೇಳು ಅವನನ್ನ. ಕಾಲು ಅಗಲಿಸಿ ನಿಲ್ಲು. ಬೆನ್ನಲ್ಲಿ ಎತ್ತಬೇಡ, ತೊಡೆಯಲ್ಲಿ ಎತ್ತು. ಈಗ ತಿರುಗು, ಅಷ್ಟೇ. ಕುರ್ಚಿಯೂ ಸೀಟೂ ಒಂದೇ ಎತ್ತರಕ್ಕಿದ್ದವು. ಪುಟ್ಟ ಜಾರಿದಂತೆ ಒಳಗೆ ಹೋಗಿ ಕೂತ. ಅಮ್ಮನಿಗೇ ನಂಬಿಕೆಯಾಗಲಿಲ್ಲ. "ಅಯ್ಯೋ, ಕೂತೇಬಿಟ್ಟ!" ಎಂದು ಕೈ ತಟ್ಟಿ ನಕ್ಕರು.

"ಇದೇ ಗಾಡಿ," ಎಂದರು ಅಪ್ಪ. ತಾವೇ ಸುಲಭವಾಗಿ ಎತ್ತಿ ಕೂರಿಸಿದ ಎಷ್ಟೋ ಗಾಡಿಗಳನ್ನು ಬೇಡವೆಂದು ಬಂದವರು ಇದಕ್ಕೆ ಒಂದೇ ಮಾತಿನಲ್ಲಿ ಒಪ್ಪಿದ್ದೇಕೆಂದು ಅವತ್ತು ಯಾರೂ ಕೇಳಲಿಲ್ಲ.

ಬಿಳಿ ಬಣ್ಣದ್ದು ಶೋರೂಮಿನ ಅಂಗಳದಲ್ಲಿ ತಯಾರಾಗಿ ನಿಂತಿತ್ತು. ಆದರೆ ಪುಟ್ಟನ ಕಣ್ಣು ಗೋಡೆಯ ಮೇಲಿದ್ದ ಚಿತ್ರಕ್ಕೆ ಅಂಟಿಕೊಂಡಿತ್ತು. ಅಲ್ಲಿದ್ದದ್ದು ಅದೇ ಗಾಡಿ, ಹಳದಿ ಬಣ್ಣದ್ದು. ಹೇಳಿದ್ದು ಕೇಳದ ಕೈಯನ್ನು ಕಷ್ಟಪಟ್ಟು ಅತ್ತ ಚಾಚಿ ಅವನು "ಅದು" ಎಂದ. ಹಳದಿ ಬೇಕಾದರೆ ತರಿಸಬೇಕು, ತಿಂಗಳ ಮೇಲಾಗುತ್ತದೆ ಎಂದರು ಮೇಡಂ.

"ಬಿಳಿದೇ ಆಗಲಿ ರೀ," ಎಂದರು ಅಮ್ಮ. "ಇವತ್ತೇ ಮನೆಗೆ ತಗೊಂಡು ಹೋಗಬಹುದು."

"ಹುಟ್ಟಿದಾಗಿಂದ ಅವನು ಏನಾದ್ರೂ ಕೇಳಿದ್ದಾನಾ? ಒಂದು ಬಣ್ಣ ಕೇಳಿದ್ದಾನೆ. ಇಷ್ಟು ವರ್ಷ ಓಡಿದ ಡಬ್ಬ ಇನ್ನೊಂದು ತಿಂಗಳು ಓಡಲ್ವಾ?" ಎಂದರು ಅಪ್ಪ.

ಓಡದೆ ಏನು! ಹಳದಿ ಗಾಡಿ ಇನ್ನೂ ಬರಬೇಕಿತ್ತು, ಆ ಡಬ್ಬ ಈಗಲೂ ಮನೆಯಂಗಳದಲ್ಲಿ ಗಟ್ಟಿಯಾಗಿಯೇ ನಿಂತಿತ್ತು. ದಿನಾ ಓಡಿಸುತ್ತಿದ್ದವರೇ ಇರಲಿಲ್ಲ.

*

ಪುಟ್ಟನ ಕಿರುಚಾಟ ಕೇಳಿ ನಡುಮನೆಯಿಂದ ಅಮ್ಮ ಎದ್ದು ಬಂದರು. ನಿನ್ನೆಯಿಂದ ಅಪ್ಪನ ಪಕ್ಕ ಬಿಟ್ಟು ಏಳದಿದ್ದವರು. ಜನ ತಾವಾಗಿ ಸರಿದು ದಾರಿ ಬಿಟ್ಟರು. ಮಗನ ಹಣೆಯ ತರಚನ್ನು ಸೆರಗಿನಿಂದ ಒತ್ತಿ ಒರೆಸಿ, ಅಮ್ಮ ಹಳೆಯ ಕಾರಿನ ಕಿರಿದಾದ ಬಾಗಿಲನ್ನೊಮ್ಮೆ ನೋಡಿದರು.

"ಬಿಳಿ ಗಾಡಿ ಅವತ್ತೇ ಸಿಗ್ತಿತ್ತು," ಎಂದರು ಯಾರಿಗೂ ಅಲ್ಲದಂತೆ. "ಅಂಗಳದಲ್ಲೇ ನಿಂತಿತ್ತು. ನಾನು ಹಟ ಹಿಡಿಬೇಕಿತ್ತು."

"ಅಮ್ಮಾ, ಈಗ ಅದೆಲ್ಲ ಯಾಕೆ..."

"ನನಗೆ ಎತ್ತೋಕೆ ಆಗುತ್ತಾ ಅಂತ ನೋಡಿ ಗಾಡಿ ತಗೊಂಡ್ರು ಕಣೇ. ಅವರಿಗೇನೋ ಅನ್ನಿಸಿತ್ತು. ನಾನು ದಡ್ಡಿ, ಕೈ ತಟ್ಟಿ ನಗ್ತಾ ನಿಂತಿದ್ದೆ."

ಅಕ್ಕನಿಗೆ ಕನ್ನಡಿಯಲ್ಲಿ ಕಂಡ ಅಪ್ಪನ ಕಣ್ಣುಗಳು ನೆನಪಾದವು. ಅವತ್ತು ಅಪ್ಪ ಕಾರು ಆರಿಸುತ್ತಿರಲಿಲ್ಲ. ತಾವಿಲ್ಲದ ಮನೆಯನ್ನು ಕೂತು ನೋಡುತ್ತಿದ್ದರು.

ಅಮ್ಮ ಪುಟ್ಟನ ಮುಂದೆ ಕಾಲು ಅಗಲಿಸಿ ನಿಂತು, ಬಗ್ಗಿ, ಅವನ ಕೈಗಳನ್ನು ಕುತ್ತಿಗೆಗೆ ಹಾಕಿಕೊಂಡರು. "ಹೊರಡೋಣ್ವಾ ಕಂದಾ?"

ಪುಟ್ಟ ಅಮ್ಮನ ಹೆಗಲ ಮೇಲಿಂದ ನಡುಮನೆಯ ಬಾಗಿಲನ್ನೇ ನೋಡುತ್ತಿದ್ದ.

"ಎತ್ತಿಬಿಡಿ ಅತ್ತಿಗೆ, ಹೊತ್ತಾಯ್ತು," ಎಂದರು ಚಿಕ್ಕಪ್ಪ.

"ಅವನು ಹೇಳಲಿ."

ವ್ಯಾನಿನ ಡ್ರೈವರ್ ಗಡಿಯಾರ ನೋಡಿಕೊಂಡ. ಅಂಗಳದ ತುಂಬ ಜನ ಕಾಯುತ್ತಿದ್ದರು. ಅಮ್ಮ ಹಾಗೇ ಬಗ್ಗಿ ನಿಂತಿದ್ದರು. "ಅಪ್ಪನ ಜೊತೆ ಹೋಗೋದು ಕಣೋ. ಅಪ್ಪನೂ ಬರ್ತಾರೆ," ಎಂದಳು ಅಕ್ಕ. ಹೇಳಿದ್ದು ನಿಜವೇ ಆದರೂ ಅವಳಿಗೆ ಸುಳ್ಳು ಹೇಳಿದಂತಾಯಿತು.

"ರೈಟ್," ಎಂದ ಪುಟ್ಟ, ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ.

ಅಮ್ಮ ಎತ್ತಿದರು. ಶೋರೂಮಿನಲ್ಲಿ ಜಾರಿ ಕೂತವನು ಇಲ್ಲಿ ಅರ್ಧಕ್ಕೇ ಸಿಕ್ಕಿಕೊಂಡ. ಸೀಟು ತೀರ ಕೆಳಗಿತ್ತು. ಅಮ್ಮನ ಮಂಡಿ ಕುಸಿದು ನೆಲಕ್ಕೆ ಊರಿತು, ಆದರೆ ಕೈ ಬಿಡಲಿಲ್ಲ. ಅಕ್ಕ ಆಚೆ ಬಾಗಿಲಿನಿಂದ ಸೀಟಿನ ಮೇಲೆ ತೆವಳಿಕೊಂಡು ಬಂದು ಪುಟ್ಟನನ್ನು ಎದೆಗೆ ಅವುಚಿಕೊಂಡು ಎಳೆದಳು. ಒಬ್ಬರು ತಳ್ಳಿ, ಒಬ್ಬರು ಎಳೆದು, ಮೂವರೂ ಅಳುತ್ತಾ, ಅಂತೂ ಅವನು ಒಳಗೆ ಬಂದ. ಇದನ್ನು ಅಪ್ಪ ಒಬ್ಬರೇ, ಲಾರಿಗಳ ಸುದ್ದಿ ಹೇಳುತ್ತಾ ಹೇಳುತ್ತಾ, ದಿನಾ ಮಾಡುತ್ತಿದ್ದರು.

ಚಿಕ್ಕಪ್ಪ ಮುಖ ಅತ್ತ ತಿರುಗಿಸಿಕೊಂಡು ಗಾಲಿಕುರ್ಚಿ ಮಡಚಲು ನೋಡಿದರು. ಅದು ಮಡಚಿಕೊಳ್ಳಲಿಲ್ಲ. ಅದನ್ನು ಮಡಚುವುದು ಹೇಗೆಂದೂ ಅವರಿಗೆ ಗೊತ್ತಿರಲಿಲ್ಲ.

*

ಕಾರು ಓಡಿಸಿದ್ದು ಮೇಷ್ಟ್ರು, ಕುರ್ಚಿ ಮಡಚದೆಯೇ ವ್ಯಾನಿನಲ್ಲಿ ಬಂತು. ಸ್ಮಶಾನದಲ್ಲಿ ಪುಟ್ಟನನ್ನು ಮತ್ತೆ ಇಳಿಸಬೇಕಾಯಿತು. ಈ ಸಲ ಚಿಕ್ಕಪ್ಪ ತಾವಾಗಿ ಬಂದು ಪುಟ್ಟನ ಮುಂದೆ ಬಗ್ಗಿ, ಸಂಕೋಚದಿಂದ, "ಹೊರಡೋಣ್ವೇನಪ್ಪ?" ಎಂದು ಕೇಳಿದರು. ಪುಟ್ಟ ಅವರನ್ನು ಬಹಳ ಹೊತ್ತು ನೋಡಿ ಹೂಂ ಎಂದ.

ಕುರ್ಚಿಯ ಗಾಲಿಗಳು ಜಲ್ಲಿಯಲ್ಲಿ ಹೂತುಕೊಳ್ಳುತ್ತಿದ್ದವು. ಬೇಕರಿಯವರು ಸೇರಿ ಕುರ್ಚಿಯನ್ನೇ ಎತ್ತಿಕೊಂಡು ಬಂದು, ಅಪ್ಪನನ್ನು ಮಲಗಿಸಿದ್ದ ಕಲ್ಲಿನ ಕಟ್ಟೆಯ ಪಕ್ಕಕ್ಕೆ ಇಟ್ಟರು. ಇಷ್ಟು ಹತ್ತಿರದಿಂದ ಪುಟ್ಟ ಅವರನ್ನು ನೋಡಿದ್ದು ಇವತ್ತು ಇದೇ ಮೊದಲು. ಒಲೆಯ ಕಾವಿಗೆ ಸುಟ್ಟು ಸುಟ್ಟು ಕಂದಿದ್ದ ಮುಂಗೈಗಳನ್ನು ಎದೆಯ ಮೇಲೆ ಜೋಡಿಸಿದ್ದರು.

"ನೋಡೋರೆಲ್ಲ ನೋಡ್ಕೊಂಡುಬಿಡಿ," ಎಂದರು ಯಾರೋ. ಒಬ್ಬೊಬ್ಬರೇ ಬಂದು ಹೋದರು. ಅಮ್ಮ ಅಪ್ಪನ ಕೆನ್ನೆ ಸವರಿದರು, ಅಕ್ಕ ಅವರನ್ನು ಹಿಡಿದುಕೊಂಡಳು. ಮುಖದ ಮೇಲೆ ಬಟ್ಟೆ ಎಳೆಯಲು ಇಬ್ಬರು ಮುಂದೆ ಬಂದರು.

ಆಗ ಪುಟ್ಟನ ಬಲಗೈ ಕುರ್ಚಿಯ ತೋಳಿನಿಂದ ಮೇಲೆದ್ದಿತು. ನಡುಗಿತು, ಅತ್ತಿತ್ತ ವಾಲಿತು, ಮತ್ತೆ ಎದ್ದಿತು. ಅದರ ಹಿಂದೆಯೇ ಎಡಗೈ. ಎರಡನ್ನೂ ಮುಂದಕ್ಕೆ ಚಾಚಿ, ಕುತ್ತಿಗೆಯೊಂದು ಬಗ್ಗಿ ಬರುವಷ್ಟು ಜಾಗ ನಡುವೆ ಬಿಟ್ಟು, ಅವನು ಅಪ್ಪನ ಮುಖ ನೋಡುತ್ತಾ ಕೂತ.

ಬಟ್ಟೆ ಹಿಡಿದವರು ಹಾಗೇ ನಿಂತರು. "ಪುಟ್ಟಾ," ಎಂದಳು ಅಕ್ಕ, ಅವನ ಮೊಣಕೈ ಮುಟ್ಟಿ. ಅವನು ಕೈ ಇಳಿಸಲಿಲ್ಲ.