ಪಾಸ್ ಎಂಬ ಮಾತು

ಒಂಬತ್ತನೇ ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದಾಗ ಮಂಡಕ್ಕಿ ಉದುರಿತು. ಸಬಿಹಾ ಅದನ್ನು ಅಂಗೈಗೆ ಬಳಿದುಕೊಂಡು, ಹಳೇ ದುಪಟ್ಟಾದ ಚೂರಿನಿಂದ ಗುಂಡಿಗಳ ಸಂದು ಒರೆಸತೊಡಗಿದಳು. ಶಿರಾಳಕೊಪ್ಪದ ಆ ಕಂಪ್ಯೂಟರ್ ಕೇಂದ್ರದಲ್ಲಿ ಪಾಠ ಬರೆಯುವವಳೂ ಅವಳೇ, ಹೇಳುವವಳೂ ಅವಳೇ, ಧೂಳು ಹೊಡೆಯುವವಳೂ ಅವಳೇ. ಪಾಠದ ಪುಸ್ತಕದ ಮೇಲೆ ಹೆಸರು ಮಾತ್ರ ಮಾಲೀಕ ಹೇಮಂತನದು.

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಉಚ್ಚಂಗಮ್ಮ. ನಲವತ್ತು ದಾಟಿದ ಹೆಂಗಸು. ಚಂದ್ರಗುತ್ತಿಯಿಂದ ಎರಡು ಬಸ್ಸು ಹತ್ತಿ ಇಳಿದು ಆರು ತಿಂಗಳು ಕಲಿತವಳು. ಊರಿನ ಗ್ರಂಥಾಲಯದ ಕೆಲಸಕ್ಕೆ ಅವಳಿಗೆ ಇಲ್ಲಿಯ ಸರ್ಟಿಫಿಕೇಟು ಬೇಕಿತ್ತು. ಪರೀಕ್ಷೆಯಲ್ಲಿ ನಪಾಸಾದಳು. ಅವಳೊಬ್ಬಳೇ ಅಲ್ಲ, ಕೂತ ಹನ್ನೆರಡು ಜನರೂ.

ಕಂಪ್ಯೂಟರ್ ಪಾಠವೆಂದರೆ ಅಡುಗೆ ಹೇಳಿಕೊಟ್ಟ ಹಾಗೆ. ನಮ್ಮ ಡಬ್ಬಿಯಲ್ಲಿ ಸಾಸಿವೆ ಇದೆಯೆಂದ ಮಾತ್ರಕ್ಕೆ ಕಲಿಯುವವರ ಮನೆಯಲ್ಲೂ ಇರುತ್ತದೆಂದು ನಂಬಬಾರದು. ಅಂಕಿಗಳಿಂದ ಚಿತ್ರ ಬಿಡಿಸಲು ಹೊರಗಿನಿಂದ ತಂದು ಹಾಕಿಕೊಳ್ಳುವ ಒಂದು ಪ್ಯಾಕೇಜು ಬೇಕು. ಅದಕ್ಕೇ ಸಬಿಹಾ ಪ್ರತಿ ಪಾಠದ ತಲೆಯಲ್ಲೂ ಮೂರು ಸಾಲು ಬರೆದಿದ್ದಳು: ಪ್ಯಾಕೇಜು ಸಿಗದಿದ್ದರೆ ಕಂಪ್ಯೂಟರು ಅಲ್ಲೇ ನಿಂತು, 'ಇಂಥದ್ದು ಇಲ್ಲ, ಮೊದಲು ಹಾಕಿಕೊಳ್ಳಿ' ಎಂದು ಕನ್ನಡದಲ್ಲೇ ಹೇಳಬೇಕು.

ಅಚ್ಚಿಗೆ ಹೋಗುವ ಮುಂಚೆ ಹೇಮಂತ್ ಅದನ್ನು ಹೊಡೆದುಹಾಕಿದ.

"ಮೊದಲ್ನೇ ಸಾಲಲ್ಲೇ ಇಲ್ಲ ಇಲ್ಲ ಅಂತ ಅಪಶಕುನ ಯಾಕ್ರೀ? ಅಲ್ಲಿ ಪಾಸ್ ಅಂತ ಹಾಕಿದ್ರೆ ಸಾಕಂತೆ. ಪಾಸ್ ಅಂದ್ಮೇಲೆ ಪಾಸಾಗ್ಲೇಬೇಕಲ್ಲ!"

"ಸರ್, ಕಂಪ್ಯೂಟರ್ ಭಾಷೇಲಿ ಪಾಸ್ ಅಂದ್ರೆ ಗೆದ್ದ ಅಂತಲ್ಲ. ಬಾಯ್ ಮುಚ್ಕೊಂಡು ಮುಂದೆ ಹೋಗು ಅಂತ."

"ನೀವೂ ಹಂಗೇ ಹೋಗಿ," ಎಂದು ನಕ್ಕು, ಪ್ಯಾಕೇಜು ಇಲ್ಲದಿದ್ದರೆ ಚಿತ್ರ ಬಿಡಿಸುವ ಸಾಲುಗಳನ್ನೂ ಕಂಪ್ಯೂಟರು ಸದ್ದಿಲ್ಲದೆ ದಾಟಿಹೋಗುವ ಹಾಗೆ ಮಾಡಿಬಿಟ್ಟ.

ಪರೀಕ್ಷೆ ಆನವಟ್ಟಿಯಲ್ಲಿ, ಬೇರೆ ಕಂಪ್ಯೂಟರುಗಳ ಮೇಲೆ ನಡೆಯಿತು. ಅಲ್ಲಿ ಪ್ಯಾಕೇಜು ಇರಲಿಲ್ಲ. ಪುಸ್ತಕದಲ್ಲಿದ್ದ ಸಾಲುಗಳನ್ನೇ ಎಲ್ಲರೂ ಬರೆದರು. ಮೆಕ್ಕೆಜೋಳದ ಇಳುವರಿಯ ಚಿತ್ರ ಬರಬೇಕಿತ್ತು. ಯಾರ ಪರದೆಯ ಮೇಲೂ ಚಿತ್ರವಿಲ್ಲ, ತಪ್ಪೆಂಬ ಸೊಲ್ಲೂ ಇಲ್ಲ. ಕೊನೆಗೆ 'ಮುಗಿಯಿತು' ಎಂಬ ಒಂದೇ ಮಾತು. 'ಹಳ್ಳಿ ಹೆಂಗಸರ ತಲೆಗೆ ಹತ್ತಲಿಲ್ಲ' ಎಂದು ಹೇಮಂತ್ ಶಿವಮೊಗ್ಗದ ಪರೀಕ್ಷಾ ಕಚೇರಿಗೆ ವರದಿ ಕಳಿಸಿದ.

ಫಲಿತಾಂಶ ಬಂದ ದಿನವೇ ಸಬಿಹಾ ಆ ಕಚೇರಿಗೆ ನಿಜ ಬರೆದಿದ್ದಳು. ಕಾಗದ ಮೂವತ್ತೆಂಟು ದಿನದಿಂದ ಅವಳ ಚೀಲದಲ್ಲೇ ಮಡಿಕೆ ಹಿಡಿದು ಕೂತಿತ್ತು. ಅವಳ ಅಬ್ಬ ಹುಸೇನರ ಕಣ್ಣಿಗೆ ಪೊರೆ ಬಂದು ಹೊಲಿಗೆ ಅಂಗಡಿ ಮುಚ್ಚಿತ್ತು. ಈ ಕೆಲಸ ಹೋದರೆ ಒಲೆ ಉರಿಯುವಂತಿರಲಿಲ್ಲ.

"ಕೂತ್ಕೊಳ್ರೀ ಉಚ್ಚಂಗಮ್ಮ."

"ಕೂರಕ್ ಬಂದಿಲ್ಲ ಟೀಚರಮ್ಮ. ಆ ಕೆಲ್ಸ ನಿನ್ನೆ ನಮ್ಮೂರ ರಾಜೇಶ್ವರಮ್ಮನ ಸೊಸೆಗಾತು. ತಗಳಿ ನಿಮ್ ಪುಸ್ತಕ. ನನ್ ತಲೆ ಇಷ್ಟೇ."

"ತಪ್ಪು ನಿಮ್ದಲ್ಲ ಕಣ್ರೀ. ಪಾಠದ್ದು."

"ಹೌದಾ! ಯಾವಾಗ ಗೊತ್ತಾತು?"

ಸಬಿಹಾ ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿದಳು. ಮತ್ತೆ ಬಿಚ್ಚಿದಳು. "ರಿಸಲ್ಟ್ ಬಂದವತ್ತೇ."

ಉಚ್ಚಂಗಮ್ಮ ಬೈಯಲಿಲ್ಲ. ಸೆರಗಿನಿಂದ ಕತ್ತು ಒರೆಸಿಕೊಂಡಳು.

"ನಮ್ ದನ ಕಾಯೋ ಭಾವ ಮೂಗ. ದನ ಯಾರ್ದಾರ ಗದ್ದೆಗೆ ನುಗ್ಗಿದ್ರೆ ಅವ್ನೂ ಕಲ್ ಬಡ್ದು ಸದ್ ಮಾಡ್ತಾನೆ."

ಅಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೋದಳು. ಸಬಿಹಾ ಚೀಲ ಹೆಗಲಿಗೇರಿಸಿ, ಕೇಂದ್ರದ ಬಾಗಿಲು ಎಳೆದುಕೊಂಡಳು.

ಅಂಚೆ ಕಚೇರಿಯಲ್ಲಿ ಕಾಗದ ಬಿಚ್ಚಿ, ಕೆಳಗೆ ಒಂದು ಸಾಲು ಸೇರಿಸಿದಳು: 'ಇದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು.' ಉಳಿದ ಹನ್ನೊಂದು ಜನರಿಗೆ ಇದರಿಂದ ಏನಾದರೂ ಒಳ್ಳೇದಾದೀತು, ಕೆಲಸ ಕೈತಪ್ಪಿದ ಚಂದ್ರಗುತ್ತಿಯವಳಿಗೆ ಆಗದು.

ಗುಮಾಸ್ತ ಗಂಗಾಧರಪ್ಪ ಲಕೋಟೆ ತೂಗಿದ. "ಸ್ಪೀಡ್ ಪೋಸ್ಟಾ ಬೀಬಿ? ನಾಳೆನೇ ಮುಟ್ಟಬೇಕಾ?"

"ಹ್ಞೂಂ. ನಾಳೆನೇ."

ಅವನು ಮೊಹರು ಒತ್ತಿ ಲಕೋಟೆಯನ್ನು ಬೆನ್ನ ಹಿಂದಿದ್ದ ಅಂಚೆ ಚೀಲಕ್ಕೆ ಎಸೆದ.