ಟೋರ್ಸ್‌ಹೋವ್ ನಿಲ್ದಾಣದಲ್ಲಿ ನಲವತ್ತು ನಿಮಿಷ

ಜೂನ್ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ನನ್ನ ತಮ್ಮ ಹಾಲ್ವಾರ್ ರಸ್ತೆಯಲ್ಲಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ. ಹತ್ತೊಂಬತ್ತನೆಯ ವಯಸ್ಸಿನಿಂದ ಅವನಿಗೆ ಕಣ್ಣು ಕಾಣುವುದಿಲ್ಲ. ಆದರೆ ಅವನು ಬಿದ್ದದ್ದು ಕಣ್ಣಿಲ್ಲದ ಕಾರಣಕ್ಕಲ್ಲ. ಹದಿನಾಲ್ಕು ವರ್ಷ ಅದೇ ಮನೆಯಿಂದ ಅದೇ ಟೋರ್ಸ್‌ಹೋವ್ ಟ್ರಾಮ್ ನಿಲ್ದಾಣಕ್ಕೆ ಒಮ್ಮೆಯೂ ಎಡವದೆ ನಡೆದಿದ್ದಾನೆ. ಕಾಲುದಾರಿಯಲ್ಲಿ ಅವನಂಥವರಿಗಾಗಿಯೇ ಉಬ್ಬುಗೆರೆಯ ಕಲ್ಲು ಹಾಸಿದ್ದಾರೆ; ಕೋಲಿನ ತುದಿಯನ್ನು ಅದರ ಮೇಲೆ ಎಳೆದುಕೊಂಡು ಹೋದರೆ ನಿಲ್ದಾಣ ತಾನಾಗಿಯೇ ಬರುತ್ತದೆ. ಆ ದಿನ ಆ ಗೆರೆಯ ಮೇಲೆ ಒಂದು ಬಾಡಿಗೆ ಸ್ಕೂಟರ್ ಅಡ್ಡಡ್ಡ ಬಿದ್ದಿತ್ತು. ನಿಂತುಕೊಂಡು ಓಡಿಸುವ, ಹಸಿರು ಬಣ್ಣದ, ಬೇಸಿಗೆ ಬಂತೆಂದರೆ ಓಸ್ಲೊ ತುಂಬ ಪ್ರವಾಸಿಗರ ಕಾಲಡಿ ಹರಿದಾಡುವ ಆ ಕರ್ಮದ ಸ್ಕೂಟರ್.

ಫಿಸಿಯೋಥೆರಪಿ ಅವನ ಕೆಲಸ. ಬೆನ್ನು, ಕುತ್ತಿಗೆ ಹಿಡಿದುಕೊಂಡವರನ್ನು ಕೈಯಿಂದಲೇ ನೀವಿ ಸರಿಮಾಡುತ್ತಾನೆ. ಬಲಗೈ ಹೋದರೆ ಅವನ ಅನ್ನವೇ ಹೋದಂತೆ.

ತುರ್ತು ಚಿಕಿತ್ಸಾಲಯಕ್ಕೆ ನಾನು ಓಡಿಹೋದಾಗ ಆಗಲೇ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ. ಗಲ್ಲದ ಮೇಲೆ ತರಚು.

"ಸಿಗ್ರುನ್, ಉಸಿರು ಬಿಡೇ ಮೊದ್ಲು," ಅಂದ. "ಕಾಲಿನ ಸಪ್ಪಳದಲ್ಲೇ ಗೊತ್ತಾಗುತ್ತೆ, ಯಾರನ್ನೋ ಹೊಡೆಯೋಕೆ ಬಂದಿದೀಯ."

"ಅವನ್ಯಾರೋ ಸಿಗ್ಲಿ, ನೋಡ್ಕೋತೀನಿ. ಎಷ್ಟು ದಿನ ಅಂದ್ರು?"

"ಎಂಟು ವಾರ. ಹೆಬ್ಬೆರಳು ಮೊದಲಿನ ಹಾಗೆ ಮಡಚುತ್ತೋ ಇಲ್ವೋ ಹೇಳೋಕಾಗಲ್ವಂತೆ."

ಅದನ್ನು ಅವನು ಹವಾಮಾನ ಹೇಳುವವನಂತೆ ಹೇಳಿದ. ನನಗೆ ಮೈಯೆಲ್ಲ ಉರಿಯಿತು.

ಸ್ಕೂಟರ್ ಕಂಪನಿಗೆ ಫೋನು ಮಾಡಿದೆ. ಯಂತ್ರ ಮಾತಾಡಿತು. ಪತ್ರ ಬರೆದೆ. ನಾಲ್ಕನೆಯ ದಿನ ಉತ್ತರ ಬಂತು. ಹಾಲ್ವಾರ್‌ನ ಅಡುಗೆಮನೆಯಲ್ಲಿ ನಿಂತು ಅವನಿಗೆ ಓದಿ ಹೇಳಿದೆ: ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ, ನಮ್ಮ ಸದ್ಭಾವನೆಯ ಸಂಕೇತವಾಗಿ ತಮಗೆ ಹತ್ತು ಉಚಿತ ಸವಾರಿಗಳನ್ನು ನೀಡುತ್ತಿದ್ದೇವೆ.

ಹಾಲ್ವಾರ್ ಬಿದ್ದು ಬಿದ್ದು ನಕ್ಕ. "ಹತ್ತು ಸವಾರಿ! ಮೊದಲನೇದು ನೇರ ಸಮುದ್ರಕ್ಕೇ ಹೋಗುತ್ತೆ ಬಿಡು."

"ನಗಬೇಡ," ಎಂದು ಕಿರುಚಿದೆ. ಅವನಿಗೆಂದು ಬ್ರೆಡ್ಡಿಗೆ ಹೆರೆಯುತ್ತಿದ್ದ ಕಂದು ಚೀಸು ತುಂಡುತುಂಡಾಗಿ ನೆಲಕ್ಕೆ ಬಿತ್ತು.

ನಾನು ಇಪ್ಪತ್ತೇಳು ವರ್ಷದಿಂದ ಈ ಊರಿನ ಟ್ರಾಮ್ ಓಡಿಸುತ್ತಿರುವವಳು. ಆ ವಾರವೆಲ್ಲ ನನ್ನ ಸಿಟ್ಟು ಪ್ರವಾಸಿಗರ ಮೇಲೆ ತಿರುಗಿತ್ತು. ಶಿಲ್ಪಗಳ ಪಾರ್ಕಿಗೆ ಇದೇ ಟ್ರಾಮೇ ಎಂದು ಕೇಳಿದವರಿಗೆ, "ಮುಂದೆ ಬರೆದಿದೆ, ಓದೋಕೆ ಬರಲ್ವಾ?" ಎಂದೆ. ಟಿಕೆಟ್ಟು ಎಲ್ಲಿ ಸಿಗುತ್ತದೆ ಎಂದವರಿಗೆ ಉತ್ತರವನ್ನೇ ಕೊಡಲಿಲ್ಲ. ಇವರೇ ತಾನೆ, ಎರಡು ದಿನಕ್ಕೆ ಬಂದು, ಸಿಕ್ಕಿದಲ್ಲಿ ಸ್ಕೂಟರ್ ಬಿಸಾಕಿ ಹೋಗುವವರು!

ಹಾಗಿರುವಾಗ ಟೋರ್ಸ್‌ಹೋವ್‌ನಲ್ಲಿಯೇ, ಹಾಲ್ವಾರ್ ಬಿದ್ದ ಜಾಗದಲ್ಲಿಯೇ, ವಯಸ್ಸಾದ ದಂಪತಿಯನ್ನು ಕಂಡೆ. ನನ್ನ ಪಾಳಿ ಮುಗಿದಿತ್ತು. ಇಬ್ಬರೂ ಅರವತ್ತು ದಾಟಿದವರು, ಪೋರ್ಚುಗಲ್‌ನವರು. ಇಬ್ಬರೂ ಆ ಹಸಿರು ಸ್ಕೂಟರ್‌ಗಳನ್ನು ಸರಿಯಾಗಿ ಉಬ್ಬುಗೆರೆಯ ಮೇಲೆ ನಿಲ್ಲಿಸುತ್ತಿದ್ದರು. ನಾನು ನುಗ್ಗಿದೆ.

"ಕಣ್ಣಿಲ್ವಾ ನಿಮಗೆ? ಇದು ಕುರುಡರು ನಡೆಯೋ ದಾರಿ!"

ಹೆಂಗಸು ಬೆಚ್ಚಿದಳು. ಗಂಡ ಹರಕು ಇಂಗ್ಲಿಷಿನಲ್ಲಿ ತಡವರಿಸುತ್ತ ಫೋನನ್ನು ನನ್ನ ಮುಖಕ್ಕೆ ಹಿಡಿದ. "ಅಮ್ಮಾ, ನಾವು ಆಚೆ ಗೋಡೆ ಹತ್ರ ಇಟ್ವಿ. ಈ ಫೋನು ಬೇಡ ಅಂತು. ಮೂಲೇಲಿಟ್ವಿ, ಅಲ್ಲೂ ಬೇಡ ಅಂತು. ಸವಾರಿ ಮುಗೀತು ಅಂತ ಒಪ್ಪೋದು ಇಲ್ಲಿ ಮಾತ್ರ. ನೋಡಿ ನೀವೇ."

ನೋಡಿದೆ. ಕಂಪನಿಯ ನಕ್ಷೆಯಲ್ಲಿ ಸ್ಕೂಟರ್ ನಿಲ್ಲಿಸುವ ಗುರುತನ್ನು ಉಬ್ಬುಗೆರೆಯ ಮೇಲೆಯೇ ಹಾಕಿದ್ದರು. ಎಲ್ಲೋ ಕೂತ ಯಾರೋ ಒಬ್ಬರು ಈ ಬೀದಿಗೆ ಒಮ್ಮೆಯೂ ಕಾಲಿಡದೆ ಬೆರಳೊತ್ತಿ ಗುರುತು ಮಾಡಿದ್ದರು.

ಆ ಹೆಂಗಸಿನ ಕಣ್ಣಲ್ಲಿ ನೀರಾಡಿತ್ತು. ಕ್ಷಮೆ ಕೇಳಿದೆ. ಪಾರ್ಕಿಗೆ ಯಾವ ಟ್ರಾಮು, ದ್ವೀಪಗಳಿಗೆ ಯಾವ ದೋಣಿ, ಯಾವುದಕ್ಕೆ ಒಂದೇ ಟಿಕೆಟ್ಟು ಸಾಕು, ಎಲ್ಲವನ್ನೂ ನಿಂತು ಹೇಳಿ ಕಳಿಸಿದೆ. ಒಂದು ವಾರ ತಪ್ಪು ಜನರ ಮೇಲೆ ಹಾರಾಡಿದ್ದೆ. ಆ ನಾಚಿಕೆಯೂ ಸೇರಿ ಕಂಪನಿಯ ಮೇಲಿನ ಸಿಟ್ಟು ಇಮ್ಮಡಿಯಾಯಿತು. ಗುರುತು ತಪ್ಪಿದೆ ಎಂದು ಮತ್ತೆ ಬರೆದೆ. ಈ ಸಲ ಉತ್ತರವೂ ಬರಲಿಲ್ಲ.

ಮುಂದಿನ ಗುರುವಾರ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಟ್ರಾಮನ್ನು ಟೋರ್ಸ್‌ಹೋವ್‌ಗೆ ತಂದು ನಿಲ್ಲಿಸಿದೆ. ಹೊರಡಬೇಕು ಎನ್ನುವಾಗ ನೋಡುತ್ತೇನೆ, ಗಾಳಿಗೆ ಉರುಳಿದ ಹಸಿರು ಸ್ಕೂಟರೊಂದು ಹಳಿಯ ಮೇಲೆ ಬಿದ್ದಿದೆ. ಬೇರೆ ದಿನವಾಗಿದ್ದರೆ ಇಳಿದು ಎಳೆದು ಹಾಕುತ್ತಿದ್ದೆ. ಎಲ್ಲ ಚಾಲಕರೂ ಅದನ್ನೇ ಮಾಡುತ್ತೇವೆ. ಅಂದು ಬ್ರೇಕು ಹಾಕಿದೆ. ಬಾಗಿಲು ತೆರೆದೆ. ನಿಯಂತ್ರಣ ಕೊಠಡಿಗೆ ಕರೆ ಮಾಡಿದೆ. ಅಲ್ಲಿದ್ದವನು ಓಡ್‌ಗೈರ್, ಹಳೆಯ ಸ್ನೇಹಿತ.

"ಹಳಿ ಮೇಲೆ ಸ್ಕೂಟರ್ ಇದೆ," ಎಂದೆ.

"ಎತ್ತಿ ಆಚೆ ಹಾಕಿ ಬಾ."

"ಹಾಕಲ್ಲ. ಯಾರದೋ ಅವರೇ ಬಂದು ತಗೊಂಡು ಹೋಗ್ಲಿ."

"ಸಿಗ್ರುನ್, ನಿನ್ನ ಹಿಂದೆ ಎರಡು ಟ್ರಾಮ್ ಬರ್ತಾ ಇವೆ."

"ಬರ್ಲಿ. ಅವೂ ನಿಲ್ಲಲಿ."

"ಕೆಲಸಕ್ಕೆ ಕುತ್ತು ತಂದ್ಕೋಬೇಡ ಕಣೇ."

"ಕಂಪನಿಯವರನ್ನ ಕಳಿಸು. ಸ್ಕೂಟರ್ ಹೊತ್ಕೊಂಡು ಹೋಗೋ ಗಾಡಿಯವನನ್ನಲ್ಲ. ನಕ್ಷೆ ಮಾಡ್ಸೋರನ್ನ."

ಹತ್ತು ನಿಮಿಷದಲ್ಲಿ ಜನ ರೇಗತೊಡಗಿದರು. ಬೆನ್ನುಚೀಲದ ಪ್ರವಾಸಿಗನೊಬ್ಬ ಇಳಿದು ಸ್ಕೂಟರಿಗೆ ಕೈಹಾಕಿದ. "ಮುಟ್ಟಬೇಡಿ!" ಎಂದೆ. ಪಾಪ, ಸುಟ್ಟವನಂತೆ ಕೈ ತೆಗೆದ. ಬಂದರಿನಿಂದ ದೋಣಿ ಹಿಡಿಯಬೇಕಿದ್ದ ದಪ್ಪ ಮನುಷ್ಯ ನನ್ನ ಕ್ಯಾಬಿನ್ನಿನ ಗಾಜು ಬಡಿದ.

"ಏನಮ್ಮಾ, ತಲೆ ಕೆಟ್ಟಿದೆಯಾ? ಒಂದು ಕಬ್ಬಿಣದ ಕೋಲು ಎತ್ತೋಕೆ ಸರ್ಕಾರ ಬರ್ಬೇಕಾ?"

ಇಳಿದು ಎಲ್ಲರ ಮುಂದೆ ನಿಂತು, ಆ ಉಬ್ಬುಗೆರೆಯನ್ನು ತೋರಿಸಿ, ನನ್ನ ತಮ್ಮನಿಗೆ ಏನಾಯಿತೆಂದು ಹೇಳಿದೆ. ಅವನ ಹೆಸರು, ಕೆಲಸ, ಹೆಬ್ಬೆರಳು, ಹತ್ತು ಉಚಿತ ಸವಾರಿ, ಒಂದನ್ನೂ ಬಿಡಲಿಲ್ಲ. ಯಾರೋ ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಮೂವತ್ತೈದನೆಯ ನಿಮಿಷಕ್ಕೆ ಕಂಪನಿಯ ಮೇಲ್ವಿಚಾರಕಿ ಬಂದಳು. ಬಂದದ್ದು ಟ್ಯಾಕ್ಸಿಯಲ್ಲಿ. ದಪ್ಪ ಮನುಷ್ಯ ಗಟ್ಟಿಯಾಗಿ ನಕ್ಕ. "ಯಾಕಮ್ಮಾ, ನಿಮ್ಮ ಸ್ಕೂಟರ್ ಸಿಗ್ಲಿಲ್ವಾ?"

ಅವಳ ಹೆಸರು ಬೆನೆಡಿಕ್ಟೆ. ಮೃದುವಾದ ದನಿ. "ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ. ಈ ವಿಷಯ ಪರಿಶೀಲಿಸಿ ತಿಳಿಸ್ತೀವಿ."

"ಎರಡು ಸಲ ಬರೆದಿದ್ದೀನಿ. ನಕ್ಷೇಲಿರೋ ಆ ಗುರುತನ್ನ ಈಗ ತೆಗೀರಿ."

"ಅದಕ್ಕೊಂದು ಪ್ರಕ್ರಿಯೆ ಇದೆ—"

"ಈಗ ತೆಗೀರಿ!" ಈ ಸಲ ಕೂಗಿದ್ದು ನಾನೊಬ್ಬಳೇ ಅಲ್ಲ. ಅಷ್ಟು ಹೊತ್ತು ನನ್ನನ್ನು ಬೈಯುತ್ತಿದ್ದವರೇ ಅವಳನ್ನು ಸುತ್ತುಗಟ್ಟಿದ್ದರು.

ಅವಳು ಪಕ್ಕಕ್ಕೆ ಹೋಗಿ ಯಾರಿಗೋ ಫೋನು ಮಾಡಿದಳು. ಬೆನ್ನುಚೀಲದವನು ತನ್ನ ಫೋನಿನಲ್ಲಿ ಕಂಪನಿಯ ನಕ್ಷೆ ನೋಡುತ್ತ ಕಾದ. ನಾಲ್ಕು ನಿಮಿಷಕ್ಕೆ ಗುರುತು ಮಾಯವಾಯಿತು ಎಂದ. ಬೆನೆಡಿಕ್ಟೆ ತಾನೇ ಬಗ್ಗಿ ಸ್ಕೂಟರನ್ನು ಹಳಿಯಿಂದ ಎಳೆದಳು. ಜನ ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಗಲಿಲ್ಲ. ನಾಲ್ಕೇ ನಿಮಿಷದ ಕೆಲಸಕ್ಕೆ ನನ್ನ ತಮ್ಮನ ಕೈ ಮುರಿಯಬೇಕಾಯಿತೇ ಎಂದು ಅವಳ ಬೆನ್ನನ್ನೇ ನೋಡುತ್ತ ನಿಂತೆ.

ನನ್ನನ್ನು ಬೇಸಿಗೆ ಮುಗಿಯುವವರೆಗೆ ಓಡಿಸುವ ಕೆಲಸದಿಂದ ಇಳಿಸಿ ಟ್ರಾಮ್ ತೊಳೆಯುವ ಶೆಡ್ಡಿಗೆ ಹಾಕಿದರು. ಅದನ್ನು ನಾನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು ಹಾಲ್ವಾರ್‌ನ ಸಿಟ್ಟನ್ನು. ಆ ವಿಡಿಯೊ ಊರೆಲ್ಲ ಹರಡಿತ್ತು. ಪತ್ರಿಕೆಯೊಂದು ಅವನನ್ನು 'ಅಸಹಾಯಕ ಕುರುಡ' ಎಂದು ಬರೆದಿತ್ತು. ಅವನ ಮನೆಗೆ ಹೋದಾಗ ಬಾಗಿಲು ತೆರೆದವನು ನನ್ನನ್ನು ಒಳಗೂ ಕರೆಯಲಿಲ್ಲ.

"ಯಾರು ಕೇಳಿದ್ರೇ ನಿನ್ನ?"

"ಗುರುತು ಹೋಯ್ತಲ್ಲೋ!"

"ಒಂದು ಗುರುತು! ನಾವು ಬಿದ್ದು ಏಟು ತಿಂದ ಹನ್ನೊಂದು ಜನ ಸೇರಿ ಊರಿನ ಎಲ್ಲಾ ಗುರುತಿನ ಮೇಲೂ ನಗರಸಭೆಗೆ ದೂರು ಬರೀತಾ ಇದ್ವಿ. ಒಂದು ಮಾತು ಕೇಳಿದ್ಯಾ ನನ್ನ? ಈಗ ನನ್ನ ಹತ್ರ ಬೆನ್ನು ತೋರಿಸೋಕೆ ಬರ್ತಿದ್ದೋರು 'ಅಯ್ಯೋ ಪಾಪ' ಅಂತ ಹಣ್ಣು ತರ್ತಾರೆ. ಅಮ್ಮನೂ ಹೀಗೇ ಮಾಡ್ತಿದ್ಲು. ನನ್ನ ಸಿಟ್ಟನ್ನ ನನಗೇ ಬಿಡ್ತಾ ಇರ್ಲಿಲ್ಲ."

"ನೀನೆಲ್ಲಿ ಸಿಟ್ಟಾಗಿದ್ದೆ? ನಗ್ತಾ ಇದ್ದೆ!"

"ಹೌದು. ನಾನು ಹಾಗೇ ಸಿಟ್ಟಾಗೋದು."

ಬಾಗಿಲು ಹಾಕಿದ. ಒಂಬತ್ತು ದಿನ ನಾವು ಮಾತಾಡಲಿಲ್ಲ. ಶೆಡ್ಡಿನಲ್ಲಿ ಗಾಜು ಉಜ್ಜುತ್ತ ನಾನು ಅವನೊಂದಿಗೆ ಮನಸ್ಸಿನಲ್ಲೇ ಜಗಳವಾಡಿದೆ. ಉಪಕಾರ ಮಾಡಿದ್ದಕ್ಕೆ ಬೈಗುಳವೇ ಎಂದು ಮೊದಲ ದಿನಗಳು. ಆಮೇಲೆ, ನಾನು ಆ ಜನರ ಮುಂದೆ ಅವನ ಹೆಬ್ಬೆರಳಿನ ಕಥೆ ಹೇಳಿದ್ದು ಅವನಿಗಾಗಿಯೋ ನನ್ನ ಉರಿ ಆರಿಸಿಕೊಳ್ಳುವುದಕ್ಕೋ ಎಂಬ ಪ್ರಶ್ನೆ. ಉತ್ತರ ನನಗೆ ಹಿಡಿಸಲಿಲ್ಲ.

ಹತ್ತನೆಯ ದಿನ ಅವನೇ ಫೋನು ಮಾಡಿದ. "ಸೆಪ್ಟೆಂಬರ್‌ನಲ್ಲಿ ನಗರಸಭೆ ಮುಂದೆ ನಮ್ಮ ದೂರಿನ ವಿಚಾರಣೆ ಇದೆ. ನೀನು ಬರೆದ ಪತ್ರಗಳು ಬೇಕು. ತಗೊಂಡು ಬಾ. ಕೇಳಿದಾಗ ಮಾತ್ರ ಬಾಯಿ ತೆಗಿ."

"ತಪ್ಪಾಯ್ತು ಕಣೋ," ಎಂದೆ.

"ಗೊತ್ತು. ಪತ್ರ ಮರೀಬೇಡ."

ವಿಚಾರಣೆಯಲ್ಲಿ ಹಾಲ್ವಾರ್ ಹನ್ನೆರಡು ನಿಮಿಷ ಮಾತಾಡಿದ. ದನಿ ಏರಿಸಲಿಲ್ಲ. ಹನ್ನೊಂದು ಜನರ ಹೆಸರು, ಜಾಗ, ತಾರೀಕು ಬಾಯಿಪಾಠವಾಗಿ ಹೇಳಿದ. ನಡುವೆ ಒಂದು ತಮಾಷೆಯನ್ನೂ ಮಾಡಿದ, ಕಂಪನಿಯ ವಕೀಲ ಮಾತ್ರ ನಗಲಿಲ್ಲ. ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಎರಡಕ್ಕೂ "ಹೌದು" ಎಂದೆ. ಉಳಿದ ಹೊತ್ತು ಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಈಗ ಊರಿನ ನಾಲ್ಕು ಭಾಗಗಳಲ್ಲಿ ಸ್ಕೂಟರ್‌ಗಳನ್ನು ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸದೆ ಸವಾರಿ ಮುಗಿಸುವಂತಿಲ್ಲ. ಉಳಿದ ಭಾಗಗಳಿಗಾಗಿ ಆ ಹನ್ನೊಂದು ಜನ ಇನ್ನೂ ಬರೆಯುತ್ತಿದ್ದಾರೆ. ನನಗೆ ನನ್ನ ಟ್ರಾಮು ಮರಳಿ ಸಿಕ್ಕಿದೆ. ಹಾಲ್ವಾರ್‌ನ ಹೆಬ್ಬೆರಳು ಅರ್ಧ ಮಾತ್ರ ಮಡಚುತ್ತದೆ. ಹಾಗಾಗಿ ದಿನಕ್ಕೆ ನಾಲ್ಕು ಜನರನ್ನಷ್ಟೇ ನೋಡುತ್ತಾನೆ. ಆ ವಿಷಯ ಯಾರಾದರೂ ಎತ್ತಿದರೆ ಇವತ್ತಿಗೂ ಅವನು ನಗುತ್ತಾನೆ. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ.